ಇವತ್ತು ಏನು ಎಸರು?



ಈ ಮಾತುಗಳು ನಿಮ್ಮನ್ನು ಮುಟ್ಟುವ ಹೊತ್ತಿಗೆ ನಿಮ್ಮ ಮನೆಯ ಒಲೆಯ ಮೇಲೆ ಏನೋ ಒಂದು ಬೇಯುತ್ತಿರಬೇಕು. ಅದು ಏನೆಂದು ಕೇಳಿದರೆ ನೀವು ನಿಜವನ್ನೇ ಹೇಳುತ್ತೀರೆಂಬ ಭರವಸೆ ನನಗಿಲ್ಲ. ತಪ್ಪು ತಿಳಿಯಬೇಡಿ, ನಾನೇ ಒಮ್ಮೆ ಹೇಳಲಿಲ್ಲ. ಆ ಕಥೆಯನ್ನು ಸ್ವಲ್ಪ ಹೊತ್ತಿನಲ್ಲಿ ಹೇಳುತ್ತೇನೆ. ಹಬ್ಬದ ಅಡಿಗೆಯ ವಿಷಯ ಬೇರೆ. ಒಬ್ಬಟ್ಟು ಮಾಡಿದವರು ಅದನ್ನು ಮುಚ್ಚಿಡುವುದಿಲ್ಲ. ಮುಚ್ಚಿಟ್ಟರೂ ಅದರ ಪರಿಮಳ ಬೀದಿಗೆ ಡಂಗುರ ಸಾರುತ್ತದೆ. ಆದರೆ ವರ್ಷದ ಮುನ್ನೂರು ರಾತ್ರಿಗಳ ಊಟ ಅಂಥದಲ್ಲ. ಅದು ಯಾರೂ ಬರೆದಿಡದ ಊಟ, ನೆಂಟರು ಬಂದರೆ ಬದಲಾಗುವ ಊಟ, ಬಾಗಿಲು ಹಾಕಿಕೊಂಡು ಉಣ್ಣುವ ಊಟ. ಇವತ್ತು ನಾನು ಮಾತನಾಡಬೇಕೆಂದಿರುವುದು ಅದನ್ನು ಕುರಿತು.

ನಮ್ಮ ಸೀಮೆಯಲ್ಲಿ, ಎಂದರೆ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಹಳ್ಳಿಗಳಲ್ಲಿ, ಹೊತ್ತು ಮುಳುಗಿದ ಮೇಲೆ ಎದುರಾದವರು ಕ್ಷೇಮಸಮಾಚಾರ ಕೇಳುವ ಬಗೆಯೇ ಬೇರೆ. "ಉಂಡ್ರಾ? ಏನ್ ಎಸ್ರು?" ಎಂಬ ಎರಡು ಪ್ರಶ್ನೆಗಳಲ್ಲಿ ಅದು ಮುಗಿಯುತ್ತದೆ. ಎಸರು ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥ. ಒಲೆಯ ಮೇಲೆ ಕುದಿಯಲು ಇಟ್ಟ ಬರಿಯ ನೀರೂ ಎಸರು. ಸೊಪ್ಪು ಕಾಳು ಬಿದ್ದು, ಖಾರ ಉಪ್ಪು ಕೂಡಿ, ತಟ್ಟೆಗೆ ಇಳಿಯುವ ಸಾರೂ ಎಸರು. ನೀರಿನಿಂದ ಊಟದವರೆಗಿನ ದಾರಿಯನ್ನೆಲ್ಲ ಒಂದೇ ಮಾತು ಹಿಡಿದಿಟ್ಟುಕೊಂಡಿದೆ. ಆ ದಾರಿಯಲ್ಲಿ ನೀರಿಗೆ ಏನು ಬಿತ್ತು, ಅದನ್ನು ಯಾರು ಎಲ್ಲಿಂದ ತಂದರು ಎಂಬುದೇ ಮನೆಯ ಅಂದಿನ ಚರಿತ್ರೆ.

ಈ ಚರಿತ್ರೆಯನ್ನು ನಾನು ಮೊದಲು ಓದಲು ಕಲಿತದ್ದು ಮುಡುಕುತೊರೆಯ ಜಾತ್ರೆಯಲ್ಲಿ. ತಲಕಾಡಿಗೆ ಹತ್ತಿರ, ಕಾವೇರಿ ಮೈಮುರಿದು ತಿರುಗುವ ಕಡೆಯಲ್ಲಿ ಒಂದು ಗುಡ್ಡ. ಗುಡ್ಡದ ಮೇಲೆ ಮಲ್ಲಿಕಾರ್ಜುನ, ಜೊತೆಯಲ್ಲಿ ಭ್ರಮರಾಂಬೆ. ತೊರೆ ಮುಡುಕಿದ, ಎಂದರೆ ತಿರುಗಿದ, ಜಾಗವಾದ್ದರಿಂದ ಮುಡುಕುತೊರೆ ಎಂದು ಹೆಸರು. ತಲಕಾಡಿನ ಪಂಚಲಿಂಗಗಳಲ್ಲಿ ಈತನೂ ಒಬ್ಬ. ಪಂಚಲಿಂಗದರ್ಶನಕ್ಕೆ ಗ್ರಹಗತಿಗಳೆಲ್ಲ ಕೂಡಿಬರಬೇಕು, ವರ್ಷಗಟ್ಟಲೆ ಕಾಯಬೇಕು. ಆದರೆ ಮಾಘಮಾಸದ ಜಾತ್ರೆ ವರ್ಷವರ್ಷವೂ ಬರುತ್ತದೆ. ಗುಡ್ಡದ ಕೆಳಗೆ ದನಗಳ ಪರಿಷೆ ಸೇರುತ್ತದೆ. ನಮ್ಮಪ್ಪನಿಗೆ ತೇರಿಗಿಂತ ಪರಿಷೆಯ ಮೇಲೆ ಹೆಚ್ಚು ಭಕ್ತಿ. ಕೊಳ್ಳುವ ಶಕ್ತಿ ಇಲ್ಲದ ವರ್ಷಗಳಲ್ಲಿಯೂ ಹಳ್ಳಿಕಾರ್ ಹೋರಿಗಳ ಹಲ್ಲು ನೋಡಿ, ಬೇರೆಯವರು ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುವುದನ್ನು ನೋಡಿ ಬರುತ್ತಿದ್ದ. ನನ್ನನ್ನೂ ಕರೆದೊಯ್ಯುತ್ತಿದ್ದ.

ಹಗಲಿನ ಜಾತ್ರೆ ನನಗೆ ಅಷ್ಟಾಗಿ ನೆನಪಿಲ್ಲ, ನೆನಪಿರುವುದು ಸಂಜೆ. ಕತ್ತಲಾಗುತ್ತಿದ್ದ ಹಾಗೆ ಬಯಲಿನಲ್ಲಿ ನೂರಾರು ಒಲೆಗಳು ಹೊತ್ತಿಕೊಳ್ಳುತ್ತಿದ್ದವು. ಒಲೆಯೆಂದರೆ ಮೂರು ಕಲ್ಲು, ಗಾಡಿಯ ನೆರಳು, ಹೊಗೆ. ಅಡಿಗೆ ಮಾಡುವವರೆಲ್ಲ ಗಂಡಸರು. ಮನೆಯಲ್ಲಿ ನೀರಿನ ಚೊಂಬನ್ನು ಕೂಡ ತಾನಾಗಿ ತೆಗೆದುಕೊಳ್ಳದ ನಮ್ಮಪ್ಪ ಅಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಹಿಟ್ಟು ತೊಳಸುತ್ತಿದ್ದ. ಅವನ ಹಿಟ್ಟಿನಲ್ಲಿ ಗಂಟುಗಳಿರುತ್ತಿದ್ದವು. ಎಸರಿನಲ್ಲಿ ಉಪ್ಪು ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ. ಒಂದು ರಾತ್ರಿ ಎರಡು ತುತ್ತು ನುಂಗಿ, "ಎಸ್ರು ನಿಮ್ಮವ್ವನ್ದೆ ಸರಿ" ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಆ ಮಾತನ್ನು ಅವನು ಮನೆಯಲ್ಲಿ ಯಾವತ್ತೂ ಹೇಳಿದ್ದನ್ನು ನಾನು ಕೇಳಿಲ್ಲ. ಊಟವಾದ ಮೇಲೆ ನಾವು ಗಾಡಿಗಳ ನಡುವೆ ಸುತ್ತುತ್ತಿದ್ದೆವು. ಇಲ್ಲಿ ಹುರುಳಿಯ ಬಿಸಿ ಮಣ್ಣುವಾಸನೆ, ಅಲ್ಲಿ ಕಡೆಗಾಲದ ಅವರೆಕಾಯಿಯ ಸೊಗಡು, ಇನ್ನೊಂದು ಕಡೆ ಒಣಮೆಣಸಿನಕಾಯಿಯ ಘಾಟು. ತೊರೆಯ ಕಡೆಯಿಂದ ಬಂದವರ ಒಲೆಯಲ್ಲಿ ಮೀನೆಸರು. ದೂರದ ಬಡಗಣ ಸೀಮೆಯಿಂದ ಎತ್ತು ಕೊಳ್ಳಲು ಬಂದವರು ಬುತ್ತಿಯಿಂದ ಜೋಳದ ರೊಟ್ಟಿಯನ್ನು ಬಿಚ್ಚುತ್ತಿದ್ದರು. ಯಾರು ಯಾವ ಕಡೆಯವರು, ಯಾರ ಹೊಲ ಎಂಥದು ಎಂದು ಅಪ್ಪ ವಾಸನೆಯಿಂದಲೇ ಹೇಳುತ್ತಿದ್ದ. ಜಾತ್ರೆಯಲ್ಲಿ ಬಾಗಿಲುಗಳಿಲ್ಲ. ಆದ್ದರಿಂದ ರಾತ್ರಿಯ ಊಟವನ್ನು ಮುಚ್ಚಿಡುವಂತಿರಲಿಲ್ಲ.

ಇನ್ನು ನಾನು ಮುಚ್ಚಿಟ್ಟ ಕಥೆ.

ನಮ್ಮದು ತೊರೆಯಿಂದ ಮೇಲೆ ಸರಿದ ಬೆದ್ದಲಿನ ಊರು. ಮಾಧ್ಯಮಿಕ ಶಾಲೆಗೆ ನಾವು ಕೆಲವರು ನಡೆದು ಕೆಳಗಿನ ಊರಿಗೆ ಹೋಗುತ್ತಿದ್ದೆವು. ಅದು ಗದ್ದೆಯ ಊರು. ಮಾಧವಮಂತ್ರಿ ಅಣೆಕಟ್ಟೆಯ ಹಳೆಯ ನಾಲೆ ಹರಿಯುವ ಆ ಕಡೆಯ ಬಯಲಿನಲ್ಲಿ ಬತ್ತ ಬೆಳೆದು ಅನ್ನ ಉಣ್ಣುವ ಮನೆಗಳು ಇದ್ದವು. ಗದ್ದೆ ಇದ್ದವರೆಲ್ಲ ಅನ್ನವನ್ನೇ ಉಣ್ಣುತ್ತಿದ್ದರೆಂದಲ್ಲ. ಬತ್ತವನ್ನು ಮಾರಿ ರಾಗಿ ಉಣ್ಣುತ್ತಿದ್ದವರೂ ಬೇಕಾದಷ್ಟಿದ್ದರು. ಆದರೆ ಅನ್ನ ಉಣ್ಣುವುದು ಒಂದು ಅಂತಸ್ತು. ಮೇಲಿನಿಂದ ಬಂದ ನಮ್ಮನ್ನು ಅಲ್ಲಿಯ ಹುಡುಗರು 'ಹಿಟ್ಟಿನವರು' ಎನ್ನುತ್ತಿದ್ದರು. ನಮ್ಮ ಕಡೆ ಮುದ್ದೆಗೆ ಹಿಟ್ಟು ಎಂದೇ ಹೆಸರಾದ್ದರಿಂದ ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಚುಚ್ಚುತ್ತಿದ್ದದ್ದು ಅದನ್ನು ಹೇಳುವ ಧಾಟಿ.

ಒಂದು ದಿನ ಉಪಾಧ್ಯಾಯರು, 'ನಿನ್ನೆ ರಾತ್ರಿಯ ಊಟ' ಎಂದು ಕರಿಹಲಗೆಯ ಮೇಲೆ ಬರೆದು, ಹತ್ತು ವಾಕ್ಯಗಳನ್ನು ಬರೆಯಿರಿ ಎಂದರು. ಪಕ್ಕದ ಹುಡುಗ ಅನ್ನ, ತಿಳಿಸಾರು, ಹಪ್ಪಳ, ಮಜ್ಜಿಗೆ ಎಂದು ಸಲೀಸಾಗಿ ಬರೆಯುತ್ತ ಹೋದ. ನಾನು ಅವನ ಪಟ್ಟಿಯನ್ನೇ ಬರೆದು, ಮೇಲೆ ಒಂದು ಮಿಳ್ಳೆ ತುಪ್ಪವನ್ನೂ ಸುರಿದೆ. ಉಪಾಧ್ಯಾಯರು ಮೆಚ್ಚಿ ಹತ್ತಕ್ಕೆ ಎಂಟು ಕೊಟ್ಟರು. ಆ ಸಂಜೆ ನನ್ನ ಉಬ್ಬಿದ ಮುಖವನ್ನು ಕಂಡು ಅವ್ವ ಕಾರಣ ಕೇಳಿದಳು. ಅವಳಿಗೆ ಓದು ಬಾರದು. "ಓದು ಮತ್ತೆ, ಕೇಳೋಣ" ಎಂದಳು. ಬುಡ್ಡಿಯ ಬೆಳಕಿನಲ್ಲಿ ಹತ್ತು ವಾಕ್ಯಗಳನ್ನೂ ಓದಿದೆ. ಅವ್ವ ಕವೆಗೋಲಿನಿಂದ ಮಡಕೆಯನ್ನು ಅದುಮಿ ಹಿಡಿದು ಹಿಟ್ಟು ತೊಳಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ, ಹಿಟ್ಟು ತೊಳಸುವಾಗ ಕೈ ನಿಲ್ಲಿಸುವಂತಿಲ್ಲ. ಓದಿ ಮುಗಿದ ಮೇಲೆ ಒಂದೇ ಮಾತು ಕೇಳಿದಳು: "ಅಂಗಾದ್ರ ನಾ ಮಾಡಿದ್ದು ಯಾರ ಮನಗ, ಮಗ?"

ಬೈಯಲಿಲ್ಲ, ನಗಲಿಲ್ಲ. ತಟ್ಟೆಗೆ ಹಿಟ್ಟನ್ನು ಇಟ್ಟು ಎಸರು ಬಿಟ್ಟಳು. ಅಣ್ಣೆಸೊಪ್ಪಿನ ಉಪ್ಪೆಸರು. ಹಿಂದಿನ ರಾತ್ರಿಯದೂ ಅದೇ ಆಗಿತ್ತು. ಅದಕ್ಕಾಗಿ ಅವಳು ಹೊತ್ತು ಮುಳುಗುವ ಮುಂಚೆ ಎರಡು ಹೊಲ ಸುತ್ತಿ ಬಂದಿದ್ದಳು. ಅವಳ ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನನ್ನ ಆಯುಷ್ಯ ಕಳೆದಿದೆ ಎಂದರೆ ಅತಿಶಯೋಕ್ತಿಯಾಗಲಾರದು. ಈ ಭಾಷಣವೂ ಅಂಥ ಒಂದು ಪ್ರಯತ್ನವೇ.

ಅವಳು ಮಾಡಿದ್ದು ಏನು ಎಂಬುದನ್ನು ಈಗಲಾದರೂ ಸರಿಯಾಗಿ ಹೇಳುತ್ತೇನೆ.

ನಮ್ಮಲ್ಲಿ ಬಿಸಿಯಡಿಗೆ ದಿನಕ್ಕೆ ಒಂದೇ ಸಲ, ಸಂಜೆ. ಬೆಳಗ್ಗೆ ಉಣ್ಣುವುದು ರಾತ್ರಿ ಉಳಿದ ತಂಗಳು ಹಿಟ್ಟನ್ನು ಮಜ್ಜಿಗೆಯಲ್ಲಿ ಕಿವುಚಿ. ಆದ್ದರಿಂದ ಸಂಜೆಯ ಒಲೆ ಒಂದು ಹೊತ್ತಿನದಲ್ಲ, ಒಂದು ದಿನದ್ದು. ಹಿಟ್ಟಿಗೆ ಎಸರಿಟ್ಟು, ನೀರು ಕುದಿ ಬಂದಾಗ ಮೇಲೆ ಹಿಟ್ಟು ಸುರಿದು, ಅದು ಗುಡ್ಡದ ಹಾಗೆ ನಿಂತು ಸುತ್ತ ನೀರು ಉಕ್ಕಿ ಬೇಯುವ ತನಕ ಬಿಡಬೇಕು. ಅವಸರ ಪಟ್ಟರೆ ಒಳಗೆ ಹಸಿಹಿಟ್ಟು ಉಳಿಯುತ್ತದೆ. ಆಮೇಲೆ ಕೋಲಿನಿಂದ ಗಂಟಿಲ್ಲದಂತೆ ತೊಳಸಿ, ಕೈಗೆ ನೀರು ಮುಟ್ಟಿಸಿಕೊಂಡು ಉಂಡೆ ಕಟ್ಟಬೇಕು. ಹೀಗಾದ ಹಿಟ್ಟನ್ನು ಅಗಿಯುವುದಿಲ್ಲ, ನುಂಗುತ್ತಾರೆ. ನುಂಗಬೇಕಾದರೆ ಅದು ಜಾರಬೇಕು. ಜಾರಬೇಕಾದರೆ ಎಸರು ಬೇಕು. ಅನ್ನವನ್ನು ಮಜ್ಜಿಗೆ ಉಪ್ಪಿನಕಾಯಿಯಲ್ಲಿ ಹೇಗೋ ದಾಟಿಸಬಹುದು. ಬಿಸಿಹಿಟ್ಟು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಹಿಟ್ಟಿನ ಮನೆಯ ಹೆಂಗಸು ದಿನಾ ಸಂಜೆ ಎಸರಿನ ಪ್ರಶ್ನೆಯನ್ನು ಎದುರಿಸಲೇಬೇಕು.

ಕಾಸಿಲ್ಲದ ಮನೆಯಲ್ಲಿ ಆ ಪ್ರಶ್ನೆಗೆ ಕಂಡುಕೊಂಡ ಉತ್ತರವೇ ಬಸ್ಸಾರು. ಸೊಪ್ಪನ್ನೂ ಕಾಳನ್ನೂ ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿಯುತ್ತಾರೆ. ಬಸಿದ ನೀರಿಗೆ ಕಟ್ಟು ಎಂದು ಹೆಸರು. ಬೆಂದ ಸೊಪ್ಪು ಕಾಳಿಗೆ ಬೆಳ್ಳುಳ್ಳಿ ಒಣಮೆಣಸಿನಕಾಯಿಯ ಒಗ್ಗರಣೆ ಬಿದ್ದರೆ ಅದು ಪಲ್ಯ. ಅದರಲ್ಲೇ ಒಂದು ಹಿಡಿ ತೆಗೆದು, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಿಸೆಹಣ್ಣು, ಇದ್ದರೆ ಒಂದು ಚೂರು ಕಾಯಿ ಸೇರಿಸಿ ಒರಳಿನಲ್ಲಿ ಅರೆದು ಕಟ್ಟಿಗೆ ಕೂಡಿಸಿ ಕುದಿಸಿದರೆ ಸಾರು. ಅರೆಯಲು ಅಷ್ಟೆಲ್ಲ ಇಲ್ಲದಿದ್ದರೆ ಕಟ್ಟಿಗೆ ಬರಿಯ ಉಪ್ಪು ಹಾಕಿ, ಖಾರವನ್ನು ಬೇರೆ ಅರೆದು ತಟ್ಟೆಯ ಅಂಚಿನಲ್ಲಿಟ್ಟರೆ ಉಪ್ಪೆಸರು. ಅವರವರ ನಾಲಗೆಗೆ ತಕ್ಕಷ್ಟು ಕಲಸಿಕೊಳ್ಳುವುದು. ಬಸಿಯದೆ ಎಲ್ಲವನ್ನೂ ಕೋಲಿನಿಂದ ಮಸೆದರೆ ಮಸ್ಸೊಪ್ಪು. ಒಂದು ಮಡಕೆ, ಒಂದು ಬೇಯುವಿಕೆ, ಎರಡು ಪದಾರ್ಥ. ಬಸಿದ ನೀರನ್ನು ಚೆಲ್ಲುವ ಅಡಿಗೆಗಳು ಲೋಕದಲ್ಲಿ ಬೇಕಾದಷ್ಟಿವೆ. ನಮ್ಮಲ್ಲಿ ಆ ನೀರೇ ಊಟ.

ಆಹಾರಶಾಸ್ತ್ರದವರು ಇದರಲ್ಲಿ ಏನಿದೆಯೆಂದು ಲೆಕ್ಕ ಹಾಕಿ ಹೇಳಬಲ್ಲರು. ನೀರಿನಲ್ಲಿ ಕರಗುವ ಜೀವಸತ್ವಗಳು ಬೇಯಿಸಿದ ನೀರಿಗೆ ಇಳಿಯುತ್ತವೆ. ಚೆಲ್ಲಿದರೆ ಹೋದವು, ಉಂಡರೆ ಉಳಿದವು. ಧಾನ್ಯದಲ್ಲಿ ಕಡಿಮೆಯಾಗಿರುವ ಲೈಸೀನ್ ಎಂಬ ಅಂಶವನ್ನು ಕಾಳು ತುಂಬಿಕೊಡುತ್ತದೆ. ಸಿ ಜೀವಸತ್ವ ಜೊತೆಗಿದ್ದರೆ ಸಸ್ಯಾಹಾರದ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಷ್ಟೇ ತೂಕದ ಪಾಲಿಷ್ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ಅವ್ವನಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಸೊಪ್ಪಿನ ಲೆಕ್ಕ.

ಆ ಲೆಕ್ಕವೂ ಸಾಮಾನ್ಯದ್ದಲ್ಲ. ಪೇಟೆಯಲ್ಲಿ ಒಂದು ಕಟ್ಟಿಗೆ ಒಂದೇ ಸೊಪ್ಪು. ನಮ್ಮಲ್ಲಿ ಬೆರಕೆಸೊಪ್ಪು. ರಾಗಿಹೊಲದಲ್ಲಿ ತಾನಾಗಿ ಹುಟ್ಟುವ ಅಣ್ಣೆ, ಬದುವಿನ ಗಣಿಕೆ, ನಾಲೆಯ ತೇವಕ್ಕೆ ಹಬ್ಬುವ ಹೊನಗೊನ್ನೆ, ನೆರಳಿನ ಕನ್ನೆ, ನೆಲಕ್ಕಂಟಿದ ಗೋಣಿ, ಎಲ್ಲೆಂದರಲ್ಲಿ ಏಳುವ ಕೀರೆ, ಹಿತ್ತಲಿನ ನುಗ್ಗೆ, ಹುಳಿಗೆ ಒಂದು ಹಿಡಿ ಪುಳ್ಳಂಪುರುಚಿ. ಗಣಿಕೆಗೆ ಸಣ್ಣ ಕಹಿ, ಗೋಣಿಗೆ ಲೋಳೆ ಮತ್ತು ಹುಳಿ, ನುಗ್ಗೆಗೆ ಒಗರು, ಕೀರೆಗೆ ತನ್ನದೆಂಬ ರುಚಿಯೇ ಇಲ್ಲ, ಆದ್ದರಿಂದ ಎಲ್ಲರನ್ನೂ ಹೊಂದಿಸುವ ಗುಣ. ಯಾವುದು ಎಷ್ಟು, ಯಾವ ತಿಂಗಳಿನಲ್ಲಿ ಯಾವುದು ಬಲಿತು ನಾರಾಗುತ್ತದೆ, ಯಾವುದರ ಕುಡಿ ಮಾತ್ರ ಚಿವುಟಬೇಕು, ಯಾವುದು ಇನ್ನೊಂದರ ಹಾಗೆ ಕಂಡರೂ ಮುಟ್ಟಬಾರದು, ಇವೆಲ್ಲವೂ ಅವಳ ಬೆರಳುಗಳಲ್ಲಿದ್ದವು. ಕಳೆ ಕೀಳುವ ಕೂಲಿಗೆ ಹೋದ ದಿನ ಸಂಜೆ ಕೂಲಿಯ ಜೊತೆಗೆ ಮಡಿಲು ತುಂಬ ಎಸರು ತರುತ್ತಿದ್ದಳು. ಹೊಲವೂ ಹಾಗೆಯೇ ಇತ್ತು. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ ಇರುತ್ತಿದ್ದವು. ಎಂದರೆ ಬಿತ್ತುವ ದಿನವೇ ರೈತ ಹಿಟ್ಟನ್ನೂ ಎಸರನ್ನೂ ಒಟ್ಟಿಗೆ ಬಿತ್ತುತ್ತಿದ್ದ.

ಇದನ್ನು ಕೇಳಿ ಹಳ್ಳಿಯ ಬಡತನವನ್ನು ನಾನು ಬಂಗಾರದ ಕಟ್ಟಿನಲ್ಲಿ ತೂಗುಹಾಕುತ್ತಿದ್ದೇನೆ ಎಂದು ಭಾವಿಸಬಾರದು. 1965-66ರ ಬರವನ್ನು ಕಂಡವನು ನಾನು. ಬದುವಿನಲ್ಲಿ ಸೊಪ್ಪೂ ಇಲ್ಲದ ಸಂಜೆಗಳಿದ್ದವು. ಅಂಥ ದಿನ ಎಸರು ಎಂದರೆ ಮೊದಲನೆಯ ಅರ್ಥದ ಎಸರು, ಬರಿಯ ಕುದಿಯುವ ನೀರು. ಅದಕ್ಕೆ ಎರಡು ಹಿಡಿ ಹಿಟ್ಟು ಕದಡಿದರೆ ಅಂಬಲಿ. ಮೇಲಾಗಿ ಎಲ್ಲ ಕೇರಿಗಳ ರಾತ್ರಿಯೂ ಒಂದೇ ಬಗೆಯದಾಗಿರಲಿಲ್ಲ. ಅಗ್ರಹಾರದ ಮನೆಗಳಲ್ಲಿ ಅನ್ನ, ಸಾರು, ಮಜ್ಜಿಗೆ. ಒಪ್ಪತ್ತಿನ ದಿನ ಅವಲಕ್ಕಿ. ಒಕ್ಕಲು ಮನೆಗಳಲ್ಲಿ ಹಿಟ್ಟು, ಕಾಳೆಸರು. ಬೆಸ್ತರ ಮನೆಯಲ್ಲಿ ಹರಿಗೋಲು ದಡ ಮುಟ್ಟಿದ ಮೇಲೆ ಎಸರು ಏನೆಂಬುದು ತೀರ್ಮಾನ. ಊರಾಚೆಯ ಕೇರಿಯಲ್ಲಿ, ಇಡೀ ಊರಿನ ಕಳೆಯನ್ನು ಕಿತ್ತು, ಇಡೀ ಊರಿನ ರಾಗಿಯನ್ನು ಬಡಿದವರ ಮನೆಯಲ್ಲಿ, ಒಲೆ ಹೊತ್ತುವುದೇ ಒಂದು ಪ್ರಶ್ನೆ. ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ದೇವನೂರ ಮಹಾದೇವರ 'ಒಡಲಾಳ'ವನ್ನು ಓದಿದವರಿಗೆ ಸಾಕವ್ವನ ಮನೆಯ ಆ ರಾತ್ರಿ ಮರೆಯುವುದಿಲ್ಲ. ಕದ್ದು ತಂದ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ಬೆಂಕಿಯ ಮುಂದೆ ಕುಳಿತು ಸುಲಿದು ತಿನ್ನುವ ಆ ಪ್ರಸಂಗ, ನಮ್ಮ ಸೀಮೆಯ ರಾತ್ರಿಯ ಊಟದ ವಿಷಯವಾಗಿ ಕನ್ನಡದಲ್ಲಿ ಬಂದಿರುವ ಬಹು ದೊಡ್ಡ ಬರಹವೆಂದು ನನ್ನ ಎಣಿಕೆ. ಅಲ್ಲಿ ಹಸಿವೂ ಇದೆ, ಹಬ್ಬವೂ ಇದೆ.

ಸಾಹಿತ್ಯದ ಮಾತು ಬಂತು. ಹಳೆಯ ಕನ್ನಡ ಕಾವ್ಯ ಊಟಕ್ಕೆ ಬೆನ್ನು ತಿರುಗಿಸಿದ್ದೇನೂ ಅಲ್ಲ. ಮೂರನೆಯ ಮಂಗರಸ ಅಡಿಗೆಯ ಮೇಲೆಯೇ 'ಸೂಪಶಾಸ್ತ್ರ' ಎಂಬ ಷಟ್ಪದಿಯ ಗ್ರಂಥವನ್ನು ಬರೆದ. ಆದರೆ ಅದು ಸಿರಿವಂತರ ಪಾಕಶಾಲೆ. ರಾಗಿಯ ಪರವಾಗಿ ನಿಂತವನು ಕನಕದಾಸ. ಅವನ 'ರಾಮಧಾನ್ಯ ಚರಿತ್ರೆ'ಯಲ್ಲಿ ಅಕ್ಕಿಗೂ ನರೆದಲಗನಿಗೂ, ಎಂದರೆ ರಾಗಿಗೂ, ಯಾರು ಹೆಚ್ಚು ಎಂದು ಜಗಳ ಹತ್ತುತ್ತದೆ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಗೆ ಬಂದಾಗ ಅಕ್ಕಿ ಕಂದಿದೆ, ರಾಗಿ ಕಂದಿಲ್ಲ. ರಾಗಿ ಗೆದ್ದು ರಾಮನಿಂದ ರಾಘವನೆಂಬ ಹೆಸರನ್ನೇ ಪಡೆಯುತ್ತದೆ. ವರ್ಷಗಟ್ಟಲೆ ಕೆಡದೆ ಉಳಿಯುವ ರಾಗಿಯ ಗುಣವನ್ನು ಬಲ್ಲ ನಾಡಿನ ಕವಿ ಮಾತ್ರ ಕಟ್ಟಬಹುದಾದ ಕಥೆ ಅದು. ನಮ್ಮ ಕಾಲಕ್ಕೆ ಬಂದರೆ, ಮಂಡ್ಯದ ವಿ. ಸಿ. ಫಾರಮ್ಮಿನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ 'ಇಂಡಾಫ್' ತಳಿಗಳನ್ನು ತಂದರು. ಬೆದ್ದಲಿನ ಕಣಗಳು ತುಂಬಿದವು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಧಾನ್ಯಕ್ಕೆ ಹೀಗೆ ಕವಿ ಸಿಕ್ಕ, ವಿಜ್ಞಾನಿ ಸಿಕ್ಕರು, ಒಂದು ವರ್ಷವೂ ಸಿಕ್ಕಿತು. ಎಸರಿಗೆ ಯಾರು ಸಿಕ್ಕರು? ಕನಕದಾಸನ ಓಲಗದಲ್ಲಿ ಅಕ್ಕಿ ರಾಗಿಗಳು ವಾದಿಸುತ್ತಿದ್ದಾಗ ಬದುವಿನ ಮೇಲಿನ ಗಣಿಕೆಸೊಪ್ಪು ಬಾಯಿ ತೆರೆದಿದ್ದರೆ, "ನಾನಿಲ್ಲದೆ ಈತನನ್ನು ನುಂಗುವವರು ಯಾರು ಸ್ವಾಮಿ?" ಎಂದು ಕೇಳುತ್ತಿತ್ತೋ ಏನೋ.

ಬದಲಾವಣೆ ನಮ್ಮ ಕಡೆಗೆ ನೀರಿನ ದಾರಿಯಲ್ಲಿ ಬಂತು. 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಮುಗಿದ ಮೇಲೆ ನಾಲೆಗಳು ನಂಜನಗೂಡು ನರಸೀಪುರಗಳ ಬೆದ್ದಲನ್ನು ಹುಡುಕಿಕೊಂಡು ಬಂದವು. ರಾಗಿಯ ಹೊಲ ಗದ್ದೆಯಾಯಿತು. ಹಿಟ್ಟಿನವರೆಂದು ಕರೆಸಿಕೊಂಡವರ ಮಕ್ಕಳು ಅನ್ನದವರಾದರು. 2013ರಲ್ಲಿ ಅನ್ನಭಾಗ್ಯ ಬಂತು. ಬಡವರ ಮನೆಗೆ ಕಿಲೋಗೆ ಒಂದು ರೂಪಾಯಿಯಂತೆ ಅಕ್ಕಿ ಬಂತು. ಇದನ್ನು ಹೀಯಾಳಿಸುವ ಮಾತು ನನ್ನ ಬಾಯಿಂದ ಬರಲಾರದು. ಬರಿಯ ಎಸರು ಕುದಿಯುವ ಮಡಕೆಯ ಮುಂದೆ ಕುಳಿತವನಿಗೆ ಅಕ್ಕಿಯ ಬೆಲೆ ಗೊತ್ತು. ಹೊಟ್ಟೆ ತುಂಬಿದವರು ಮಾತ್ರ ಹಳೆಯ ಹಸಿವನ್ನು ಹೊಗಳಬಲ್ಲರು.

ಆದರೆ ಒಂದು ಸಂಗತಿಯನ್ನು ನಾವು ಗಮನಿಸಲಿಲ್ಲ. ಅಣ್ಣೆ ರಾಗಿಹೊಲದಲ್ಲಿ ಹುಟ್ಟುತ್ತದೆ, ನೀರು ನಿಂತ ಗದ್ದೆಯಲ್ಲಿ ಹುಟ್ಟುವುದಿಲ್ಲ. ಅಕ್ಕಡಿ ಸಾಲು ಗದ್ದೆಯಲ್ಲಿಲ್ಲ. ಬದುಗಳು ಸಣ್ಣದಾದವು. ಉಳಿದ ಬದುವಿಗೂ ಕಳೆನಾಶಕ ಬಂತು. ಹೊಡೆಯುವ ರೈತನನ್ನು ದೂರಿ ಫಲವಿಲ್ಲ. ಬೆನ್ನು ಬಗ್ಗಿಸಿ ಕಳೆ ಕೀಳುವ ಕಷ್ಟವನ್ನು ಬಲ್ಲವರು ದೂರುವುದೂ ಇಲ್ಲ. ಆದರೂ ಲೆಕ್ಕ ಲೆಕ್ಕವೇ. ಅವ್ವ ಎಸರು ಎಂದು ಕರೆದದ್ದಕ್ಕೆ ಈಗ ಕಳೆ ಎಂದು ಹೆಸರು. ಆ ಔಷಧಿ ಒಂದೇ ಹೊಡೆತಕ್ಕೆ ಹೆಂಗಸರ ಕೂಲಿಯನ್ನೂ ಅವರ ಮಡಿಲಿನ ಸೊಪ್ಪನ್ನೂ ತೆಗೆದುಕೊಂಡುಹೋಯಿತು. ಈಗ ನಮ್ಮೂರಿನಲ್ಲಿಯೂ ಸಂಜೆಯ ಸಾರು ಬಹುಮಟ್ಟಿಗೆ ಅಂಗಡಿಯಿಂದ ಬರುತ್ತದೆ: ಟೊಮ್ಯಾಟೊ, ಬೇಳೆ, ಪೊಟ್ಟಣದ ಪುಡಿ.

ಇತ್ತ ಪಟ್ಟಣದಲ್ಲಿ ಇನ್ನೊಂದು ತಮಾಷೆ. ಸಕ್ಕರೆ ಕಾಯಿಲೆಯವರಿಗೆ ವೈದ್ಯರು ಮುದ್ದೆ ತಿನ್ನಿ ಎನ್ನುತ್ತಾರೆ. ಹೋಟೆಲುಗಳಲ್ಲಿ ಮುದ್ದೆಯೂಟಕ್ಕೆ ಸಾಲು ನಿಲ್ಲುತ್ತಾರೆ. ನಾನು ಒಂದು ಕಾಲಕ್ಕೆ ಬಚ್ಚಿಟ್ಟದ್ದನ್ನು ಈಗ ಹಲಗೆಯ ಮೇಲೆ ಬರೆದು ತೂಗುಹಾಕುತ್ತಾರೆ. ಸಂತೋಷವೇ. ಆದರೆ ರಾಗಿಯನ್ನು ಮೂಟೆಯಲ್ಲಿ ತರಬಹುದು, ಬೆಂಬಲ ಬೆಲೆ ಕೊಟ್ಟು ಕೊಳ್ಳಬಹುದು, ಗೋದಾಮಿನಲ್ಲಿ ಇಡಬಹುದು. ಬೆರಕೆಸೊಪ್ಪನ್ನು ಬಲ್ಲ ಬೆರಳುಗಳನ್ನು ಯಾವ ಗೋದಾಮಿನಲ್ಲಿ ಇಡುವುದು?

ಅವ್ವ ಕೊನೆಯ ಕೆಲವು ವರ್ಷ ನನ್ನ ಜೊತೆ ಮೈಸೂರಿನಲ್ಲಿದ್ದಳು. ಸಂಜೆ ವಾಕಿಂಗ್ ಎಂದು ಹೊರಟರೆ ಖಾಲಿ ನಿವೇಶನಗಳ ಮುಂದೆ ನಿಂತುಬಿಡುತ್ತಿದ್ದಳು. "ಇಲ್ನೋಡು ಗಣಿಕೆ, ಇಲ್ನೋಡು ಗೋಣಿ" ಎಂದು ಬಗ್ಗುತ್ತಿದ್ದಳು. ಮನೆಯವರು ಏನೆಂದುಕೊಳ್ಳುವರೋ ಎಂದು ನಾನು ಅವಳ ಕೈ ಹಿಡಿದು ಮುಂದೆ ನಡೆಸುತ್ತಿದ್ದೆ. ಎರಡನೆಯ ಸಲ ಅದೇ ತಪ್ಪನ್ನು ಮಾಡುತ್ತಿದ್ದೇನೆಂದು ಆಗ ಹೊಳೆಯಲಿಲ್ಲ. ಮೊದಲ ಸಲ ಅವಳ ಎಸರನ್ನು ಸುಳ್ಳು ಮಾಡಿದೆ. ಎರಡನೆಯ ಸಲ ಅವಳ ಪಾಠವನ್ನು ಅರ್ಧಕ್ಕೇ ನಿಲ್ಲಿಸಿದೆ. ಇವತ್ತು ನಿಮ್ಮ ಮುಂದೆ ಎಂಟು ಸೊಪ್ಪುಗಳ ಹೆಸರನ್ನು ಹೇಳಿದೆನಲ್ಲ, ಹೊಲಕ್ಕೆ ಕರೆದೊಯ್ದರೆ ಅವುಗಳಲ್ಲಿ ನಾಲ್ಕನ್ನು ಗುರುತಿಸಿಯೇನು. ಉಳಿದವು ನನ್ನ ಪಾಲಿಗೆ ಬರಿಯ ಶಬ್ದಗಳು.

ಈಚೆಗೆ ಒಂದು ಮಾಘದಲ್ಲಿ ಮತ್ತೆ ಮುಡುಕುತೊರೆಗೆ ಹೋಗಿದ್ದೆ. ಟ್ರಾಕ್ಟರು ಬಂದ ಮೇಲೆ ಉಳುವ ಎತ್ತು ಕಡಿಮೆಯಾಗಿದೆ. ಪರಿಷೆಯೂ ನಾನು ಕಂಡಷ್ಟು ದೊಡ್ಡದಿಲ್ಲ. ಆದರೂ ಸಂಜೆ ಗುಡ್ಡದಿಂದ ಇಳಿದು ಬರುವಾಗ ಅಲ್ಲೊಂದು ಇಲ್ಲೊಂದು ಮೂರು ಕಲ್ಲಿನ ಒಲೆ ಉರಿಯುತ್ತಿತ್ತು. ನನ್ನ ವಯಸ್ಸಿನವರೇ ಒಬ್ಬರು ಪಾತ್ರೆಯ ಮುಚ್ಚಳವನ್ನು ಪಂಚೆಯ ಸೆರಗಿನಲ್ಲಿ ಹಿಡಿದು, ಓರೆ ಮಾಡಿ, ಇನ್ನೊಂದು ಪಾತ್ರೆಗೆ ಬಸಿಯುತ್ತಿದ್ದರು. ಒಂದು ತೊಟ್ಟೂ ನೆಲಕ್ಕೆ ಬೀಳದ ಹಾಗೆ ಬಸಿಯುತ್ತಿದ್ದ ಆ ಎಚ್ಚರ ನನ್ನನ್ನು ನಿಲ್ಲಿಸಿತು.

"ಏನ್ ಎಸ್ರು, ಯಜಮಾನ್ರೆ?" ಎಂದೆ.

ಅವರು ನನ್ನ ಪ್ಯಾಂಟು, ಕನ್ನಡಕ ನೋಡಿ, "ಏನೋ ಬಡವರ ಎಸ್ರು ಬುಡಿ ಸ್ವಾಮಿ" ಎಂದರು.

ಅದೇ ನಾಚಿಕೆ. ನನ್ನ ಹತ್ತು ವಾಕ್ಯಗಳ ನಾಚಿಕೆ. "ಹುರುಳಿಕಾಳು, ಬೆರಕೆಸೊಪ್ಪಿನ ಬಸ್ಸಾರಲ್ವ?" ಎಂದೆ. ಅವರು ತಲೆಯೆತ್ತಿ ನಕ್ಕು, ಪಕ್ಕಕ್ಕೆ ಸರಿದು, ಕೂ‍ತ್ಕೊಳ್ಳಿ ಎಂದು ಚಾಪೆಯ ತುದಿ ತೋರಿಸಿದರು. ಮುತ್ತುಗದ ಎಲೆಯ ಮೇಲೆ ಅರ್ಧ ಹಿಟ್ಟು, ಮೇಲೆ ಎಸರು. ಹಿಟ್ಟಿನಲ್ಲಿ ಗಂಟಿತ್ತು. ಎಸರು ಸರಿಯಾಗಿತ್ತು. ಉಣ್ಣುತ್ತ, ಇದರಲ್ಲಿ ಯಾವ ಯಾವ ಸೊಪ್ಪಿದೆ ಎಂದು ಕೇಳಿದೆ. ಅವರು ಬೆರಳು ಮಡಿಸುತ್ತ ಐದರ ಹೆಸರು ಹೇಳಿ, ಆರನೆಯದಕ್ಕೆ ನಿಂತರು. "ಇನ್ನೊಂದದೆ. ನಂಗ್ ಗೊತ್ತಿಲ್ಲ ಸ್ವಾಮಿ. ನಮ್ಮನೆಯವಳು ಕಿತ್ತು ಕಟ್ಟಿ ಕಳಿಸ್ತಾಳೆ. ಅವಳ್ಗೇ ಗೊತ್ತು" ಎಂದರು.

ಆ ಆರನೆಯ ಸೊಪ್ಪಿನ ರುಚಿ ನನಗೆ ಚೆನ್ನಾಗಿ ಗುರುತಿತ್ತು. ಚಿಕ್ಕಂದಿನಿಂದ ಉಂಡ ರುಚಿ. ಹೆಸರು ಮಾತ್ರ ನಾಲಗೆಗೆ ಬರಲಿಲ್ಲ. ಅವ್ವ ಇದ್ದಿದ್ದರೆ ಕೇಳಬಹುದಾಗಿತ್ತು.

ನಿಮ್ಮ ಮನೆಯಲ್ಲಿ ಕೇಳಬಹುದಾದವರು ಇನ್ನೂ ಇದ್ದರೆ, ನಾಳೆಯವರೆಗೆ ಕಾಯದೆ, ಈ ರಾತ್ರಿ ತಟ್ಟೆಯ ಮುಂದೆ ಕುಳಿತಾಗಲೇ ಕೇಳಿ. ನಿಮ್ಮನ್ನು ಯಾರಾದರೂ ಕೇಳಿದರೆ, ಉಂಡದ್ದನ್ನೇ ಹೇಳಿ.